ಹದಿನೆಂಟನೇ ಇಂಚು

ನೋರೀನ್ ಟ್ಯಾಕೆಟಳ ಅಣ್ಣನನ್ನು ಕೊಂದದ್ದು ಒಂದು ಇಂಚು. ಡಾಕ್ಟರು ಶ್ವಾಸಕೋಶದ ಸೋಂಕು ಎಂದು ಬರೆದುಕೊಟ್ಟರು, ಪಾದ್ರಿ ದೇವರ ಚಿತ್ತ ಎಂದ, ನೆಂಟರು ಸಿಗರೇಟಿನ ಮೇಲೆ ಹಾಕಿದರು. ನೋರೀನಳ ಪ್ರಕಾರ ಅದು ಇಂಚು, ಬೇರೇನೂ ಅಲ್ಲ. ನಾಲ್ಕು ವರ್ಷದ ಹಿಂದೆ ಬ್ಲ್ಯಾಕ್‌ಜ್ಯಾಕ್ ನದಿ ಉಕ್ಕಿದಾಗ ಅಣ್ಣ ರಾಯ್ಸ್‌ನ ಮನೆಯೊಳಗೆ ನೀರು ನೆಲದಿಂದ ಹದಿನೇಳು ಇಂಚು ನಿಂತಿತ್ತು. ಹದಿನೆಂಟು ನಿಂತಿದ್ದರೆ ಅದು ಸರ್ಕಾರದ ಕಣ್ಣಿಗೆ ‘ಭಾರಿ ಹಾನಿ’. ಹದಿನೇಳು ನಿಂತದ್ದರಿಂದ ‘ಅಲ್ಪ ಹಾನಿ’. ಮನೆ ಅದೇ, ಕೆಸರು ಅದೇ, ಕೊಳೆತ ಹಾಸಿಗೆಯೂ ಅದೇ.

ಅಳತೆ ಮಾಡಿದವನು ರಾಜ್ಯ ಸರ್ಕಾರದ ಪರಿಶೀಲಕ ಪೆಲ್ಹಮ್. ಗೋಡೆಯ ಮೇಲಿನ ಕೆಸರಿನ ಗೆರೆಗೆ ಉಕ್ಕಿನ ಟೇಪು ಹಿಡಿದು, ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು ನೋಡಿದ್ದ.

“ಹದಿನೇಳು,” ಎಂದ.

“ಸಾರ್, ನೆಲದ ಹಲಗೆ ನೀರು ಕುಡಿದು ಒಂದಿಂಚು ಉಬ್ಕೊಂಡಿದೆ ನೋಡಿ,” ಎಂದಿದ್ದ ರಾಯ್ಸ್, ಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಂಡು. “ಅದನ್ನ ಸೇರಿಸಿದ್ರೆ ಹದಿನೆಂಟಾಗುತ್ತೆ.”

“ನಾನು ಇರೋದನ್ನ ಬರೀತೀನಪ್ಪ. ಇರಬೇಕಾಗಿದ್ದನ್ನ ಬರೆಯೋಕೆ ನನಗೆ ಅಧಿಕಾರ ಇಲ್ಲ.”

ಆ ಮನೆಗೆ ಹದಿನೆಂಟು ಎಂದು ಪಟ್ಟಿಯಲ್ಲಿ ಬರೆದಿದ್ದವಳು ಸ್ವತಃ ನೋರೀನ್. ಅದು ಅವಳ ಕೆಲಸ. ಅಮೆರಿಕದ ಮಿಸೌರಿ ರಾಜ್ಯದ ಆಗ್ನೇಯ ಮೂಲೆಯ ಟಾಲಿವರ್ ಕೌಂಟಿಗೆ, ಅಂದರೆ ಜಿಲ್ಲೆಗೆ, ಅವಳು ವಿಪತ್ತು ನಿರ್ವಹಣಾಧಿಕಾರಿ. ಹೆಸರು ದೊಡ್ಡದು, ಕಚೇರಿ ಮಾತ್ರ ಕೋರ್ಟಿನ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದಲ್ಲಿ. ನೆರೆಯೋ ಸುಂಟರಗಾಳಿಯೋ ಬಂದುಹೋದ ಮೇಲೆ ಬೀದಿ ಬೀದಿ ಸುತ್ತಿ ಯಾವ ಮನೆ ಎಷ್ಟು ಹಾಳಾಗಿದೆ ಎಂದು ಅವಳು ಪಟ್ಟಿ ಮಾಡಬೇಕು. ಆ ಪಟ್ಟಿ ಹಿಡಿದು ರಾಜ್ಯದವರು ಬಂದು ಪ್ರತಿ ಮನೆಯನ್ನೂ ಮತ್ತೆ ಅಳೆಯುತ್ತಾರೆ. ಹಾನಿ ಸಾಕಷ್ಟಿದ್ದರೆ ಗವರ್ನರ್ ವಾಷಿಂಗ್ಟನ್ನಿಗೆ ಪತ್ರ ಬರೆದು ಫೆಡರಲ್ ನೆರವು ಕೇಳುತ್ತಾರೆ. ಸಾಕಷ್ಟು ಎಂದರೆ ಎಷ್ಟು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ‘ಭಾರಿ ಹಾನಿ’ಯ ಇಪ್ಪತ್ತೈದು ಮನೆಗಳಿಲ್ಲದ ಪಟ್ಟಿ ರಾಜಧಾನಿಯ ಮೇಜು ದಾಟಿದ್ದನ್ನು ನೋರೀನ್ ತನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಆ ಸಲ ಅವಳ ಪಟ್ಟಿಯಲ್ಲಿ ಸರಿಯಾಗಿ ಇಪ್ಪತ್ತೈದಿತ್ತು. ಪೆಲ್ಹಮ್ ಕೆಂಪು ಶಾಯಿಯಲ್ಲಿ ಒಂದನ್ನು ಹೊಡೆದುಹಾಕಿದ. ಇಪ್ಪತ್ನಾಲ್ಕಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ನೆರವು ಬರಲಿಲ್ಲ. ಚಳಿಗಾಲ ಬಾಗಿಲಲ್ಲಿತ್ತು. ರಾಯ್ಸ್ ಕಾಯಲಾಗದೆ ಒಣಗದ ಕಂಬಗಳ ಮೇಲೆಯೇ ಹೊಸ ಹಲಗೆ ಹೊಡೆದು ಬಣ್ಣ ಬಳಿದ. ಬಣ್ಣದ ಹಿಂದೆ ಕಪ್ಪು ಬೂಷ್ಟು ಬೆಳೆಯಿತು. ಮೊದಲ ಚಳಿಗಾಲ ಕೆಮ್ಮಿದ, ಎರಡನೇ ಚಳಿಗಾಲ ಉಸಿರಿಗೆ ಪರದಾಡಿದ, ಫೆಬ್ರವರಿಯಲ್ಲಿ ಹೋದ. ಅವನ ಹೆಂಡತಿ ಓಪಲ್ ಈಗಲೂ ಅದೇ ಮನೆಯಲ್ಲಿ, ಅದೇ ಗೋಡೆಗಳ ನಡುವೆ, ಅದೇ ಕೆಮ್ಮು ಕೆಮ್ಮುತ್ತಾ ಇದ್ದಳು.

ಈ ಏಪ್ರಿಲ್‌ನಲ್ಲಿ ನದಿ ಮತ್ತೆ ಏರತೊಡಗಿದಾಗ ನೋರೀನ್ ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದಳು. ಹಿಂದಿನ ಸಲದ ವರದಿಯಲ್ಲಿ ಪೆಲ್ಹಮ್ ಇನ್ನೊಂದು ಕೊಂಕು ತೆಗೆದಿದ್ದ: ಮನೆ ಬಿಡಲು ನಿವಾಸಿಗಳಿಗೆ ಲಿಖಿತ ಸೂಚನೆ ಕೊಟ್ಟದ್ದಕ್ಕೆ ಪುರಾವೆ ಇಲ್ಲ ಅಂತ. ಕಾಗದ ಕೊಟ್ಟಿದ್ದರೆ ನದಿ ಓದಿಕೊಂಡು ಹಿಂದೆ ಹೋಗುತ್ತಿತ್ತು ಎನ್ನುವ ಹಾಗೆ. ಈ ಸಲ ಅವಳು ಗುರುವಾರವೇ ನದಿದಂಡೆಯ ಮನೆ ಮನೆಗೂ ಸಹಿ ಹಾಕಿದ ಸೂಚನೆ ಕಳಿಸಿ, ನಕಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕಡತ ಕಟ್ಟಿಟ್ಟಳು. ಶುಕ್ರವಾರ ಸಂಜೆ ಷೆರಿಫನ ಜನ ಬಾಗಿಲು ಬಡಿದು ಎಲ್ಲರನ್ನೂ ಗುಡ್ಡದ ಮೇಲಿನ ಹೈಸ್ಕೂಲಿಗೆ ಸಾಗಿಸಿದರು. ಶನಿವಾರ ಸಂಜೆ ಹೊತ್ತಿಗೆ ನೀರು ಮನೆಗಳೊಳಗೆ ಬಂತು. ಬುಧವಾರ ಇಳಿಯಿತು. ಗುರುವಾರ ಇಡೀ ದಿನ ಧೋ ಎಂದು ಮಳೆ ಸುರಿಯಿತು.

ಶುಕ್ರವಾರ ಅವಳು ಒಬ್ಬಳೇ ಅಳತೆಗೆ ಹೊರಟಳು. ಕೌಂಟಿಯ ಬೇರೆ ಬೇರೆ ಮೂಲೆಗಳಲ್ಲಿ, ಬೇರೆ ಬೇರೆ ಹಳ್ಳಗಳ ದಂಡೆಯಲ್ಲಿ, ಭಾರಿ ಹಾನಿಯ ಮನೆಗಳು ಹತ್ತೊಂಬತ್ತು ಸಿಕ್ಕವು. ಉಳಿದದ್ದು ನದಿಯ ಮಗ್ಗುಲಲ್ಲಿ ಕೊನೆಯಾಗುವ ಫೆರಿ ಲೇನ್. ತಟ್ಟೆಯಂತೆ ಸಮತಟ್ಟಾದ ರಸ್ತೆ, ಒಂದೇ ಬದಿಯಲ್ಲಿ ಆರು ಮನೆ, ಕೊನೆಯದು ಓಪಲಳದು. ಅವಳು ಬಾಗಿಲು ತಳ್ಳಿ ಒಳಗೆ ಹೋಗಿ ಗೋಡೆಗೆ ಟೇಪು ಹಿಡಿದಳು. ಹನ್ನೊಂದು ಇಂಚು. ಪಕ್ಕದ ಮನೆಯಲ್ಲೂ ಹನ್ನೊಂದು. ಆರಕ್ಕೆ ಆರೂ ‘ಅಲ್ಪ ಹಾನಿ’. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು. ಓಪಲಳ ಅಡುಗೆಮನೆಯಲ್ಲಿ ನಿಂತು ಅವಳು ಆ ಟೇಪನ್ನು ಗೋಡೆಗೆ ಎಸೆದಳು. ನದಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನದಿ ಅಳತೆ ಮಾಡಿ ಬರುವುದಿಲ್ಲ.

ಅಂದು ಸಂಜೆ ಹೈಸ್ಕೂಲಿನ ಆಟದ ಹಾಲ್‌ನಲ್ಲಿ ಓಪಲ್ ಮಡಚುಮಂಚದ ಮೇಲೆ ಕೂತು, ಬೀನ್ಸು ಮತ್ತು ಮೆಕ್ಕೆಜೋಳದ ಬ್ರೆಡ್ಡಿನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕಿಟ್ಟಿದ್ದಳು.

“ಈ ಸಲ ಎಷ್ಟು ಇಂಚು ಕಣೆ?” ಎಂದು ಕೇಳಿದಳು.

“ಇನ್ನೂ ಅಳೆದಿಲ್ಲ.”

“ಸುಳ್ಳು ಹೇಳೋಕೆ ನಿಂಗೆ ಯಾವತ್ತೂ ಬರ್ಲಿಲ್ಲ ಬಿಡು.” ಓಪಲ್ ಕೆಮ್ಮಿದಳು. ಕೆಮ್ಮು ಮುಗಿಯುವ ತನಕ ನೋರೀನ್ ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡಿದ್ದಳು. ಬಟ್ಟೆಯ ಒಳಗಿನ ಮೂಳೆಗಳನ್ನು ಎಣಿಸಬಹುದಿತ್ತು. “ಹದಿನೆಂಟಕ್ಕೆ ಕಮ್ಮಿ ಇದ್ರೆ ನಂಗೆ ಹೇಳ್ಬೇಡ. ಸುಮ್ನೆ ಹೋಗಿ ಅಲ್ಲೇ ಮಲಕ್ಕೋತೀನಿ. ರಾಯ್ಸ್ ಮಲಗಿದ್ದ ಕಡೆ.”

ಕಾಫಿಯ ಸಾಲಿನಲ್ಲಿ ಅಂಚೆಯ ಡೆಲ್ಬರ್ಟ್ ಅವಳಿಗಾಗಿಯೇ ಕಾದಿದ್ದ. ಅವನ ದುಃಖ ಬೇರೆಯದೇ.

“ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ನಾನು. ಆ ಶನಿವಾರ ನೀರು ಬಂದು ಚಕ್ರ ನೆಕ್ತಾ ಇತ್ತು, ಆಗ್ಲೂ ಬಿಟ್ಟಿಲ್ಲ. ನೀನು ಫೆರಿ ಲೇನಿಗೆ ಅಡ್ಡಗಟ್ಟೆ ಹಾಕಿ ನನ್ನ ಹೆಸರು ಕೆಡಿಸಿದೆ ನೋಡು.”

“ಅಲ್ಲಿ ಗ್ಯಾಸ್ ಸೋರ್ತಾ ಇದೆ ಡೆಲ್ಬರ್ಟ್. ಒಳಗೆ ಹೋದ್ರೆ ನಿನ್ನ ಹೆಸರಿನ ಜೊತೆ ನೀನೂ ಹಾರಿಹೋಗ್ತೀಯ.”

“ಮಂಗಳವಾರನಾದ್ರೂ ತೆಗೀತೀಯಾ?”

“ಮಂಗಳವಾರ ಪೆಲ್ಹಮ್ ಬರ್ತಾನೆ. ಆಗ ತೆಗೀತೀನಿ.”

ಗ್ಯಾಸ್ ಎಲ್ಲೂ ಸೋರುತ್ತಿರಲಿಲ್ಲ. ಆ ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದನ್ನು ಕೇಳಿ ಅವಳಿಗೇ ಬೆರಗಾಯಿತು. ಓಪಲ್ ಹೇಳಿದ್ದು ತಪ್ಪು. ಹತ್ತೊಂಬತ್ತು ವರ್ಷ ನಿಜ ಬರೆದು ಬರೆದು ಅವಳಿಗೆ ಸುಳ್ಳು ಹೇಗಿರಬೇಕು ಎಂಬುದು ಕರಾರುವಾಕ್ಕಾಗಿ ಗೊತ್ತಾಗಿತ್ತು. ಪೆಲ್ಹಮ್ ಚಾಪೆಯ ಕೆಳಗೆ ತೂರಿದರೆ ಅವಳು ರಂಗೋಲಿಯ ಕೆಳಗೆ ತೂರಬಲ್ಲಳು.

ಆ ರಾತ್ರಿ ಕಾಫಿ ಆರುವ ತನಕ ಯೋಚಿಸಿದಳು. ನೀರು ಎಷ್ಟೆತ್ತರ ಬಂದಿತ್ತು ಎಂದು ಹೇಳುವ ಸಾಕ್ಷಿಗಳು ಯಾರು ಯಾರು? ಮೊದಲನೆಯದು ಸೇತುವೆಯ ಕೆಳಗಿದ್ದ ಅಳತೆಯ ಯಂತ್ರ. ಅದನ್ನು ಶನಿವಾರ ತೇಲಿಬಂದ ಮರವೊಂದು ಗುದ್ದಿ ಕಿತ್ತುಕೊಂಡು ಹೋಗಿತ್ತು, ನೀರು ತುತ್ತತುದಿ ಮುಟ್ಟುವ ಮೊದಲೇ. ಎರಡನೆಯದು ಮರಗಿಡ, ಬೇಲಿ, ಹೊರಗೋಡೆಗಳ ಮೇಲಿನ ಕೆಸರಿನ ಗುರುತು. ಅದನ್ನು ಗುರುವಾರದ ಮಳೆ ತಿಕ್ಕಿ ತೊಳೆದಿತ್ತು. ಮೂರನೆಯದು ಜನ. ನೀರು ಬಂದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ನೀರು ಇಳಿದ ದಿನವೇ ಅವಳು ಹಾಕಿಸಿದ ಅಡ್ಡಗಟ್ಟೆ ದಾಟಿ ಆಮೇಲೆ ಯಾರೂ ಹೋಗಿರಲಿಲ್ಲ. ಉಳಿದ ಸಾಕ್ಷಿ ಒಳಗೋಡೆ ಒಂದೇ. ಗೋಡೆ ಏನು ಹೇಳಬೇಕು ಎಂಬುದನ್ನು ಅದಕ್ಕೆ ಹೇಳಿಕೊಡಬಹುದು.

ಹದಿನೆಂಟು ಎಂದು ಬರೆದರೆ ಅನುಮಾನ ಬರುತ್ತದೆ. ಗೆರೆಯ ಮೇಲೆ ಸರಿಯಾಗಿ ಕೂತದ್ದನ್ನು ಪೆಲ್ಹಮ್‌ನಂಥವನು ಎರಡು ಸಲ ಅಳೆಯುತ್ತಾನೆ. ಇಪ್ಪತ್ತು ಒಳ್ಳೆಯ ಸಂಖ್ಯೆ. ಆದರೆ ಎಲ್ಲ ಮನೆಯಲ್ಲೂ ಇಪ್ಪತ್ತು ಎಂದು ಎಳೆದುಬಿಟ್ಟರೆ ಅದು ಮೂರ್ಖರು ಮಾಡುವ ತಪ್ಪು. ನೀರಿನ ಮಟ್ಟ ಊರಿಗೆಲ್ಲ ಒಂದೇ, ನೆಲಗಳು ಮಾತ್ರ ಏರುಪೇರು. ಅವಳು ರಸ್ತೆ ಕೆಲಸದವರ ಲೇಸರ್ ಮಟ್ಟಗೋಲು ತಂದು, ಶನಿವಾರವಿಡೀ ಆರು ಮನೆಯ ನೆಲಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದಳು. ಮೂರನೆಯ ಮನೆಯ ನೆಲ ಅರ್ಧ ಇಂಚು ಎತ್ತರ, ಐದನೆಯದು ಒಂದಿಂಚು ಕುಸಿದಿದೆ. ಹಾಗಾದರೆ ಅಲ್ಲಿ ಹತ್ತೊಂಬತ್ತೂವರೆ, ಇಲ್ಲಿ ಇಪ್ಪತ್ತೊಂದು, ಉಳಿದವಕ್ಕೆ ಇಪ್ಪತ್ತು. ಅಂಗೈಯಗಲದ ಚೀಟಿಯ ಮೇಲೆ ಇಷ್ಟನ್ನು ಬರೆದುಕೊಂಡಾಗ ಅವಳಿಗೆ ಬಹಳ ವರ್ಷಗಳಿಂದ ಸಿಗದಿದ್ದ ಒಂದು ಶಾಂತಿ ಸಿಕ್ಕಿತು. ಸಿಟ್ಟು ಕೆಲಸಕ್ಕೆ ಇಳಿದರೆ ಹೀಗೇ ತಣ್ಣಗಾಗುತ್ತದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೈಸ್ಕೂಲಿನ ಹಾಲ್‌ನಲ್ಲಿ ಪ್ರಾರ್ಥನೆ, ಆಮೇಲೆ ಊರ ಹೆಂಗಸರೆಲ್ಲ ಒಂದೊಂದು ಅಡುಗೆ ಮಾಡಿ ತಂದ ಊಟ. ಷೆರಿಫನಿಂದ ಹಿಡಿದು ಕಸ ಎತ್ತುವವನ ತನಕ ಎಲ್ಲರೂ ಅಲ್ಲೇ. ಕಳ್ಳತನಕ್ಕೆ ಕತ್ತಲೆ ಬೇಕು ಎನ್ನುವುದು ಕಳ್ಳರ ಮೂಢನಂಬಿಕೆ. ಅವಳು ಹಾಡಹಗಲೇ, ಕೌಂಟಿಯ ಹೆಸರು ಬರೆದ ಗಾಡಿಯಲ್ಲಿ, ಕಿತ್ತಳೆ ಬಣ್ಣದ ಸರ್ಕಾರಿ ಜಾಕೆಟ್ ಹಾಕಿಕೊಂಡು ಹೋದಳು. ಆ ಜಾಕೆಟ್ ಹಾಕಿದವರನ್ನು ಯಾರೂ ಏನು ಮಾಡ್ತಿದ್ದೀಯ ಎಂದು ಕೇಳುವುದಿಲ್ಲ.

ಫೆರಿ ಲೇನಿನ ಕೊನೆಗೆ ಗಾಡಿ ನಿಲ್ಲಿಸಿ, ರಸ್ತೆಬದಿಯ ಕಂಬದ ಮೇಲಿದ್ದ ಓಪಲಳ ಅಂಚೆ ಡಬ್ಬಿಯ ನೆತ್ತಿಯ ಮೇಲೆ ಕಾಫಿಯ ಫ್ಲಾಸ್ಕ್ ಇಟ್ಟು, ಬಕೆಟ್ ಹಿಡಿದು ದಂಡೆಗೆ ಇಳಿದಳು. ಕೆಸರು ಅಲ್ಲಿಯದೇ ಆಗಬೇಕು. ಬೇರೆ ಕಡೆಯ ಕೆಸರಿನ ಬಣ್ಣ ಬೇರೆ. ಅದನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ, ತೆಳ್ಳಗೆ ಕದಡಿ, ತೋಟಕ್ಕೆ ಔಷಧಿ ಹೊಡೆಯುವ ಡಬ್ಬಕ್ಕೆ ತುಂಬಿದಳು. ಮೊದಲು ಗೋಡೆಗೆ ಬರೀ ನದಿನೀರು ಹೊಡೆದಳು, ಇಪ್ಪತ್ತು ಇಂಚಿಗಿಂತ ಒಂದು ಗೇಣು ಮೇಲಿನ ತನಕ, ಯಾಕೆಂದರೆ ಗೋಡೆಹಲಗೆ ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಹೀರಿಕೊಳ್ಳುತ್ತದೆ. ಅದು ಉಬ್ಬಿದ ಮೇಲೆ ಕೆಸರು. ಗೆರೆಯ ಮೇಲಂಚನ್ನು ಒದ್ದೆ ಸ್ಪಂಜಿನಿಂದ ಮಿದು ಮಾಡಿದಳು. ಕೆಳಗೆ ಇನ್ನೆರಡು ಮಸುಕು ಗೆರೆ ಎಳೆದಳು, ನೀರು ನಿಂತು ನಿಂತು ಇಳಿದದ್ದಕ್ಕೆ ಗುರುತಾಗಿ. ಗೋಡೆಯ ವಿದ್ಯುತ್ ಪ್ಲಗ್ಗುಗಳ ಮುಚ್ಚಳ ಬಿಚ್ಚಿ ಒಳಗೆ ಮೆತ್ತಗಿನ ಹೂಳು ತುರುಕಿ ಮತ್ತೆ ತಿರುಪು ಹಾಕಿದಳು. ಪೆಲ್ಹಮ್ ಅಲ್ಲಿ ನೋಡುತ್ತಾನೆ. ಹಾಸಿಗೆಗಳ ಅಡಿಗೆ, ಕುರ್ಚಿಯ ಮೆತ್ತೆಗೆ, ಪುಸ್ತಕದ ಕಪಾಟಿನ ಎರಡನೇ ಅರೆಗೆ, ನೇತುಹಾಕಿದ ಪರದೆಯ ಅಂಚಿಗೆ, ಮುಂಬಾಗಿಲ ಜಗಲಿಯ ಮಾಡಿನ ಕೆಳಗೆ ಮಳೆ ತಾಕದ ಗೋಡೆಗೆ, ಎಲ್ಲಕ್ಕೂ ಕೆಸರು ಹೊಡೆದಳು. ಒಂದು ಮನೆಯಲ್ಲಿ ಸತ್ತ ಮಿಡತೆಗಳು ಸಿಕ್ಕವು. ಅವನ್ನೂ ಹೊಸ ಗೆರೆಯ ಮೇಲಕ್ಕೆ ಅಂಟಿಸಿದಳು.

ಓಪಲಳ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಮಲಗುವ ಕೋಣೆಯ ಬಟ್ಟೆ ಪೆಟ್ಟಿಗೆಯ ಕೆಳಗಿನ ಸೆಳೆಖಾನೆ ನೀರಿನಲ್ಲಿ ಮುಳುಗಿತ್ತು. ಅದರ ಮೇಲಿನದು ಹದಿನಾಲ್ಕು ಇಂಚಿನ ಮೇಲಿದ್ದದ್ದರಿಂದ ಒಣಗಿಯೇ ಇತ್ತು. ಎಳೆದು ನೋಡಿದಳು. ರಾಯ್ಸ್‌ನ ಅಂಗಿಗಳು. ಇಸ್ತ್ರಿ ಮಾಡಿ, ಮಡಚಿ, ನಡುವೆ ದೇವದಾರಿನ ಚಕ್ಕೆ ಇಟ್ಟಿದ್ದಳು ಓಪಲ್. ಎರಡು ವರ್ಷದಿಂದ ಯಾರೂ ಮುಟ್ಟದ ಅಂಗಿಗಳು. ನೀರು ಇಪ್ಪತ್ತು ಇಂಚು ಬಂದದ್ದು ನಿಜವಾದರೆ ಈ ಅಂಗಿಗಳು ಒಣಗಿರಲು ಸಾಧ್ಯವಿಲ್ಲ.

ನೋರೀನ್ ಸ್ವಲ್ಪ ಹೊತ್ತು ಮಂಚದ ಅಂಚಿನ ಮೇಲೆ ಕೂತಳು. ಒಂದು ನೀಲಿ ಅಂಗಿಯನ್ನು ಮೂಗಿಗೆ ಹಿಡಿದಳು. ಆಮೇಲೆ ಎದ್ದು ಬಕೆಟ್ಟನ್ನು ಎತ್ತಿ ಸೆಳೆಖಾನೆಯೊಳಕ್ಕೆ ಸುರಿದಳು. ಕಂದು ನೀರು ಕಾಲರುಗಳ ಮೇಲೆ ಹರಡುವುದನ್ನು ನೋಡುತ್ತಾ ಅವಳು ಅತ್ತಳು, ಅಳುತ್ತಲೇ ಪೆಲ್ಹಮ್‌ನ ವಂಶವನ್ನೆಲ್ಲ ಬೈದಳು. ಇದು ನನ್ನ ಪಾಪ ಅಲ್ಲ, ಅವನದು, ಎಂದುಕೊಂಡಳು. ಒಂದಿಂಚು ಬಿಟ್ಟುಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಕೆಲಸ ಮುಗಿಯಿತು. ಸೋಮವಾರ ಫ್ಯಾನು ಇಟ್ಟು ಗೋಡೆಗಳನ್ನು ಹದವಾಗಿ ಒಣಗಿಸಿದಳು. ಬಕೆಟ್, ಜರಡಿ, ಸ್ಪಂಜು, ಔಷಧಿ ಡಬ್ಬ ಎಲ್ಲವೂ ಕೌಂಟಿಯ ಕಸದ ರಾಶಿ ಸೇರಿದವು. ಅಲ್ಲಿ ಕೆಸರು ಮೆತ್ತಿದ ಸಾಮಾನು ಬೆಟ್ಟದಷ್ಟಿತ್ತು, ಅವಳ ಸಾಮಾನು ಯಾವುದು ಎಂದು ಬ್ರಹ್ಮನೂ ಹುಡುಕಲಾರ. ಫಾರ್ಮಿನಲ್ಲಿ ಏನೇನು ಕೇಳಿದೆಯೋ ಅದನ್ನೆಲ್ಲ ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಮನೆಯೊಳಗೆ ಉತ್ತರವಿದೆಯೇ ಎಂದು ಎರಡು ಸಲ ನೋಡಿದಳು. ಇತ್ತು.

ಮಂಗಳವಾರ ಪೆಲ್ಹಮ್ ಬಂದ. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು, ಟೇಪು ಅದೇ. ಬೆಳಿಗ್ಗೆಯೆಲ್ಲ ಕೌಂಟಿ ಸುತ್ತಿ ಹತ್ತೊಂಬತ್ತು ಮನೆಗಳಿಗೆ ತಲೆಯಾಡಿಸಿದ. ಊಟ ಮುಗಿಸಿ ಫೆರಿ ಲೇನಿಗೆ ಬಂದರು. ನೋರೀನ್ ಗಾಡಿಯಿಂದ ಇಳಿದು ಅಡ್ಡಗಟ್ಟೆಯನ್ನು ತಾನೇ ಪಕ್ಕಕ್ಕೆ ಎಳೆದಳು.

ಮೊದಲ ಮನೆ, ಇಪ್ಪತ್ತು. ಎರಡನೆಯದು, ಇಪ್ಪತ್ತು. ಮೂರನೆಯದರಲ್ಲಿ ಹತ್ತೊಂಬತ್ತೂವರೆ ಎಂದು ಓದಿ ಅವನು ಹುಬ್ಬು ಗಂಟಿಕ್ಕಿದ. ಬಾಗಿಲಾಚೆ ಹೋಗಿ ಪಕ್ಕದ ಮನೆಯ ನೆಲಕ್ಕೂ ಈ ನೆಲಕ್ಕೂ ಕಣ್ಣಳತೆಯಲ್ಲಿ ಹೋಲಿಸಿ, “ನೆಲ ಸ್ವಲ್ಪ ಎತ್ತರ,” ಎಂದು ತಾನೇ ಸಮಾಧಾನ ಮಾಡಿಕೊಂಡ. ನೋರೀನ್ ಕಿಟಕಿಯಾಚೆ ನೋಡುತ್ತಾ ನಗು ನುಂಗಿದಳು. ಅವನು ಪ್ಲಗ್ಗುಗಳನ್ನು ಬಿಚ್ಚಿಸಿ ನೋಡಿದ. ಮೆತ್ತೆಗಳನ್ನು ಒತ್ತಿ ನೋಡಿದ. ಗೋಡೆಹಲಗೆಗೆ ಉಗುರು ಚುಚ್ಚಿ ನೋಡಿದ. ಎಲ್ಲಿ ನೋಡುತ್ತಾನೆ ಎಂದು ಅವಳು ಎಣಿಸಿದ್ದಳೋ ಅಲ್ಲೆಲ್ಲ ನೋಡಿದ.

ಓಪಲಳ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟ.

“ಇಲ್ಲಿಗೆ ನಾನು ಬಂದಿದ್ದೆ ಅಲ್ವಾ?” ಎಂದ. “ಹದಿನೇಳು.”

“ನೆನಪಿದೆಯಾ ನಿಮಗೆ?”

“ನೆಲ ಉಬ್ಬಿದೆ ಅಂತ ಹೇಳಿದ್ರು ಅವರು. ಹೇಗಿದ್ದಾರೆ ಈಗ?”

“ಸತ್ತ,” ಎಂದಳು ನೋರೀನ್.

ಪೆಲ್ಹಮ್ ಒಳಗೆ ಹೋಗಿ, ಮಂಡಿ ನೋಯುವವನ ಹಾಗೆ ನಿಧಾನವಾಗಿ ಕೂತು, ಟೇಪು ಹಿಡಿದ. ಮಲಗುವ ಕೋಣೆಯ ಸೆಳೆಖಾನೆ ಎಳೆದು ಕಂದಾದ ಅಂಗಿಗಳನ್ನು ನೋಡಿ ಮೆಲ್ಲಗೆ ಮುಚ್ಚಿದ.

“ಇಪ್ಪತ್ತು,” ಎಂದ. ಆಮೇಲೆ, ಅವಳ ಮುಖ ನೋಡದೆ, “ಈ ಸಲ ಬರೆಯೋಕೆ ಕೈ ನಡುಗಲ್ಲ ನೋಡಿ,” ಎಂದ.

ಆ ಮಾತಿಗೆ ಅವಳ ಸಿಟ್ಟು ಕರಗಬೇಕಿತ್ತು, ಕರಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದಿದ್ದಾನೆ ಮುದುಕ. ಅವನ ಕೈ ನಡುಗಿತ್ತಂತೆ. ನಡುಗುವ ಕೈ ಒಂದು ಗೆರೆಯಷ್ಟು ಮೇಲಕ್ಕೆ ಜಾರಬಾರದಿತ್ತೆ? ನಿನ್ನನ್ನು ಹೇಗೆ ಮೂರ್ಖನನ್ನಾಗಿ ಮಾಡಿದ್ದೀನಿ ಗೊತ್ತೇನೋ ಎಂದು ಕೂಗಿ ಹೇಳುವ ಆಸೆ ಗಂಟಲ ತನಕ ಬಂತು. ಅದನ್ನು ನುಂಗಿ, ಅವನ ಜೊತೆ ರಸ್ತೆಗೆ ನಡೆದಳು.

ಗಾಡಿಯ ಹಿಂಬದಿಯ ಹಲಗೆ ಇಳಿಸಿ ಅದರ ಮೇಲೆ ಕಾಗದ ಹರಡಿಕೊಂಡು ಪೆಲ್ಹಮ್ ಲೆಕ್ಕ ಕೂಡಿದ. “ಇಪ್ಪತ್ತೈದು. ಗವರ್ನರ್ ಕಚೇರಿಗೆ ನಾಳೆನೇ ಹೋಗುತ್ತೆ. ಇನ್ನೊಂದೇ ಬಾಕಿ, ಲಿಖಿತ ಸೂಚನೆ ಕೊಟ್ಟಿದ್ದಕ್ಕೆ ಪುರಾವೆ.”

“ನಕಲೆಲ್ಲ ಕಡತದಲ್ಲಿದೆ,” ಎಂದಳು ಅವಳು, ಹೆಮ್ಮೆಯಿಂದಲೇ.

“ನಕಲು ನೀವು ಬರೆದದ್ದಕ್ಕೆ ಪುರಾವೆ. ಅವರಿಗೆ ತಲುಪಿದ್ದಕ್ಕೆ ಅಲ್ವಲ್ಲ.”

ಬೈಗುಳ ಅವಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಂಚೆಗಾಡಿ ಫೆರಿ ಲೇನಿಗೆ ತಿರುಗಿ, ಮನೆಗಳ ಎದುರಿನ ಬದಿಯಲ್ಲಿ ಸಾಲಾಗಿ ನಿಂತ ಆರು ಡಬ್ಬಿಗಳಿಗೆ ಒಂದೊಂದಾಗಿ ಕಾಗದ ಹಾಕುತ್ತಾ ಅವರ ಹತ್ತಿರಕ್ಕೆ ಬಂತು.

“ಅಂತೂ ಬಾಗಿಲು ತೆಗೆದೆಯಲ್ಲ ತಾಯಿ,” ಎಂದ ಡೆಲ್ಬರ್ಟ್ ಕಿಟಕಿಯಿಂದ.

“ಇವರಿಗೆ ಹೇಳು ಡೆಲ್ಬರ್ಟ್. ನನ್ನ ಸೂಚನೆ ಈ ಮನೆಗಳಿಗೆ ತಲುಪಿಸಿದೆಯೋ ಇಲ್ವೋ?”

“ತಲುಪಿಸದೆ ಇರ್ತೀನಾ? ಶನಿವಾರ ಮಧ್ಯಾಹ್ನ ಹಾಕಿದೆ, ಒಂದೊಂದು ಡಬ್ಬಿಗೂ. ಜನ ಶುಕ್ರವಾರನೇ ಮನೆ ಬಿಟ್ಟಿದ್ರು. ಹೋದವರಿಗೆ ಹೊರಡಿ ಅಂತ ಕಾಗದ ಹಂಚಿದ ಪುಣ್ಯಾತ್ಮ ನಾನೊಬ್ಬನೇ.” ಅವನು ಕೈಚಾಚಿ ಓಪಲಳ ಡಬ್ಬಿಯ ಮುಚ್ಚಳ ಎಳೆದ. “ತಗೊಳ್ಳಿ, ಹಾಕಿದ್ದು ಹಾಕಿದ ಹಾಗೇ ಇದ್ದಾವೆ, ಆರರಲ್ಲೂ.”

ಅವನ ಕೈಯಿಂದ ಲಕೋಟೆ ತೆಗೆದುಕೊಂಡು, “ಇನ್ನೇನು ಪುರಾವೆ ಬೇಕು ನಿಮಗೆ?” ಎಂದು ಅದನ್ನು ಪೆಲ್ಹಮ್‌ಗೆ ಕೊಟ್ಟವಳು ನೋರೀನಳೇ.

ಪೆಲ್ಹಮ್ ಲಕೋಟೆಯನ್ನು ಒಡೆಯಲಿಲ್ಲ. ಹೆಬ್ಬೆರಳಿನಲ್ಲಿ ಅಂಚನ್ನು ಸವರಿದ, ಬಗ್ಗಿಸಿ ಬಿಟ್ಟ, ಕಾಗದ ಹಪ್ಪಳದಂತೆ ಗರಿಗುಟ್ಟಿತು. ಓಪಲಳ ವಿಳಾಸದ ನೀಲಿ ಶಾಯಿ ಒಂದು ಕೂದಲೆಳೆಯಷ್ಟೂ ಹರಡಿರಲಿಲ್ಲ. ಅವನು ರಸ್ತೆಯ ಮೇಲೆ ಟೇಪು ಊರಿ ಡಬ್ಬಿಯ ತಳಕ್ಕೆ ಹಿಡಿದ. “ನಲವತ್ತಮೂರು, ನೋಡೋದೇ ಬೇಡ,” ಎಂದ ಡೆಲ್ಬರ್ಟ್, “ಆರನ್ನೂ ನಾನೇ ನಿಂತು ನೆಡಿಸಿದ್ದು, ಅಂಚೆಯ ನಿಯಮದಲ್ಲಿ ಒಂದಿಂಚು ಆಕಡೆ ಈಕಡೆ ಆಗೋ ಹಾಗಿಲ್ಲ.” ಪೆಲ್ಹಮ್ ರಸ್ತೆ ದಾಟಿ ಓಪಲಳ ಮನೆಯ ನೆಲ ರಸ್ತೆಯಿಂದ ಎಷ್ಟೆತ್ತರ ಎಂದು ಅಳೆದ. ಮೂವತ್ತು. ಅದರ ಮೇಲೆ ಗೋಡೆಯ ಗೆರೆ ಇಪ್ಪತ್ತು, ಕೂಡಿದರೆ ಐವತ್ತು. ಅಷ್ಟು ನೀರು ನಿಂತಿದ್ದರೆ ಈ ಡಬ್ಬಿಗಳು ಕತ್ತಿನ ತನಕ ಮುಳುಗಬೇಕಿತ್ತು. ನೋರೀನ್ ಫಾರ್ಮಿನಲ್ಲಿದ್ದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಇಟ್ಟಿದ್ದಳು. ಫಾರ್ಮಿನಲ್ಲಿ ಅಂಚೆ ಡಬ್ಬಿ ಇರಲಿಲ್ಲ. ಪೆಲ್ಹಮ್ ಉಳಿದ ಐದೂ ಡಬ್ಬಿಗಳ ಮುಚ್ಚಳ ತೆಗೆಯುತ್ತಾ ರಸ್ತೆಯುದ್ದಕ್ಕೂ ನಡೆದ, ಹಿಂತಿರುಗಿ ಬಂದು, “ಬೆಳಿಗ್ಗೆ ನೋಡಿದ ಹತ್ತೊಂಬತ್ತನ್ನೂ ತಡೆಹಿಡೀಬೇಕಾಗುತ್ತೆ ಮೇಡಂ,” ಎಂದ. ಅವನ ಕೈಯಲ್ಲಿ ಆರು ಲಕೋಟೆಗಳಿದ್ದವು, ಆರೂ ಒಣಗಿದ್ದವು, ಆರರ ಮೂಲೆಯಲ್ಲೂ ಕಳಿಸಿದವರು ಎಂಬಲ್ಲಿ ಅವಳದೇ ಅಕ್ಷರದಲ್ಲಿ ಅವಳ ಹೆಸರಿತ್ತು.